ಜಿಟಿ 1030 ತಗೊಳ್ಳೋ ಮೊದಲು: ಹೆಸರು ಒಂದೇ, ಕಾರ್ಡ್ ಎರಡು

ಹಳೆಯ ಆಫೀಸ್ ಕಂಪ್ಯೂಟರಿಗೆ ಕಡಿಮೆ ದುಡ್ಡಿನಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕೋಣ ಅಂತಿದ್ದೀರಾ? ದಯವಿಟ್ಟು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ಎನ್‌ವಿಡಿಯಾ ಕಂಪನಿಯ ಜಿಟಿ 1030 ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಡ್‌ಗಳಿವೆ. 2017ರಲ್ಲಿ ಬಂದಿದ್ದು ಜಿಡಿಡಿಆರ್5 ಮೆಮೊರಿಯದು, ಅಂದರೆ ಗ್ರಾಫಿಕ್ಸ್ ಕಾರ್ಡಿಗಾಗಿಯೇ ಮಾಡಿದ ವೇಗದ ಮೆಮೊರಿ. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯದು ಬಂತು, ಅದು ಮಾಮೂಲಿ ಕಂಪ್ಯೂಟರಿನಲ್ಲಿ ಹಾಕುವ ಥರದ ನಿಧಾನದ ಮೆಮೊರಿ. ನಾನು ತಂದಿದ್ದು ಎರಡನೆಯದು.

ತಮ್ಮನಿಗೆ ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ಕೊಡಿಸಿದ್ದೆ. ಐ5-6500 ಪ್ರೊಸೆಸರ್, 16 ಜಿಬಿ ರ್‍ಯಾಮ್, ತೆಳ್ಳನೆಯ ಕೇಸ್. ಅಂಥ ಕೇಸಿನಲ್ಲಿ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ, ಪವರ್ ಸಪ್ಲೈ ಕೂಡ ಚಿಕ್ಕದು, ಕಾರ್ಡಿಗೆ ಕೊಡಲು ಬೇರೆ ವೈರೇ ಇರುವುದಿಲ್ಲ. ಅದಕ್ಕೇ ಎಲ್ಲರೂ ಜಿಟಿ 1030 ಹಾಕಿಸಿ ಅಂತಾರೆ. 30 ವ್ಯಾಟ್ ಕಾರ್ಡ್, ಸ್ಲಾಟ್‌ನಿಂದಲೇ ಕರೆಂಟ್ ತಗೊಳ್ಳುತ್ತದೆ. ತಮ್ಮನ ಗೆಳೆಯನ ಮನೆಯಲ್ಲಿ ಇಂಥದ್ದೇ ಕಂಪ್ಯೂಟರಿಗೆ ಇದೇ ಕಾರ್ಡ್ ಹಾಕಿದ್ದರು. ಜಿಟಿಎ 5 ಅನ್ನುವ ಆಟ ಅದರಲ್ಲಿ ಸಲೀಸಾಗಿ ಓಡುವುದನ್ನು ಇವನು ಕಣ್ಣಾರೆ ನೋಡಿ ಬಂದಿದ್ದ.

ಒಂದು ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಜಿಟಿ 1030, 2 ಜಿಬಿ ಅಂತ ಕೇಳಿದೆ. ಒಂದು ಅಂಗಡಿಯಲ್ಲಿ ಉಳಿದ ಕಡೆಗಿಂತ ಸ್ವಲ್ಪ ಕಡಿಮೆ ರೇಟು ಹೇಳಿದರು, ಖುಷಿಯಿಂದ ತಗೊಂಡೆ. ಬಾಕ್ಸ್ ಮೇಲೆ ಹೆಸರು ಸರಿ ಇತ್ತು, 2 ಜಿಬಿ ಅಂತಲೂ ಇತ್ತು. ನಾನು ನೋಡಿದ್ದು ಅಷ್ಟೇ.

ಮನೆಗೆ ತಂದು ಹಾಕಿದರೆ ಆಟ ಎಳೆದೆಳೆದು ಓಡುತ್ತಿದೆ. ಗೆಳೆಯನ ಮನೆಯಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಆಸುಪಾಸು ಬರುತ್ತಿತ್ತು. ನಮ್ಮಲ್ಲಿ 30 ದಾಟುವುದೇ ಕಷ್ಟ. ಮೊದಲು ಡ್ರೈವರ್ ತೆಗೆದು ಮತ್ತೆ ಹಾಕಿದೆ. ಪ್ರೊಸೆಸರ್ ಬಿಸಿಯಾಗುತ್ತಿರಬಹುದು ಅಂತ ಥರ್ಮಲ್ ಪೇಸ್ಟ್ ಬದಲಿಸಿದೆ. ವಿಂಡೋಸ್ ಅನ್ನೇ ಹೊಸದಾಗಿ ಹಾಕಿದೆ. ತಮ್ಮ ಪಾಪ, 'ಬಿಡಣ್ಣ, ಇಷ್ಟು ಸಾಕು' ಅಂದ. ನನಗೆ ಅದು ಇನ್ನೂ ಬೇಜಾರಾಯಿತು. ಇದರಲ್ಲೇ ಮೂರು ವಾರ ಕಳೆಯಿತು, ಅಂಗಡಿಯವರು ಹೇಳಿದ್ದ ವಾಪಸ್ ಕೊಡುವ ದಿನವೂ ಮುಗಿದು ಹೋಯಿತು.

ಕೊನೆಗೆ ಜಿಪಿಯು-ಝಡ್ ಅನ್ನುವ ಚಿಕ್ಕ ಉಚಿತ ಪ್ರೋಗ್ರಾಂ ಹಾಕಿ ನೋಡಿದೆ. ಮೆಮೊರಿ ಟೈಪ್ ಅನ್ನುವ ಜಾಗದಲ್ಲಿ ಡಿಡಿಆರ್4 ಅಂತಿತ್ತು. ಬ್ಯಾಂಡ್‌ವಿಡ್ತ್ 16.8 ಜಿಬಿ. ಗೆಳೆಯನ ಕಾರ್ಡಿನಲ್ಲಿ ನೋಡಿಸಿದರೆ ಜಿಡಿಡಿಆರ್5, ಬ್ಯಾಂಡ್‌ವಿಡ್ತ್ 48 ಜಿಬಿ.

ಈ ಎರಡು ಅಂಕಿಗಳಲ್ಲೇ ಎಲ್ಲ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡೂ ಕಾರ್ಡಿನಲ್ಲಿ ಲೆಕ್ಕ ಮಾಡುವ 384 ಕೋರ್‌ಗಳೇ, 2 ಜಿಬಿ ಮೆಮೊರಿಯೇ, ಮೆಮೊರಿ ದಾರಿಯ ಅಗಲ ಕೂಡ ಒಂದೇ, 64 ಬಿಟ್. ಚಿಪ್ಪಿನ ವೇಗದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಬೂಸ್ಟ್, ಅಂದರೆ ಭಾರ ಬಿದ್ದಾಗ ಏರುವ ವೇಗ, 1468 ಮೆಗಾಹರ್ಟ್ಸ್ ಇದ್ದದ್ದು 1379 ಆಗಿದೆ. ಆದರೆ ಒಂದು ಸೆಕೆಂಡಿನಲ್ಲಿ ಮೆಮೊರಿಯಿಂದ ಚಿಪ್ಪಿಗೆ ಬರುವ ಡೇಟಾ 48 ಜಿಬಿಯಿಂದ 16.8ಕ್ಕೆ ಇಳಿದಿದೆ, ಅಂದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಅಡಿಗೆ ಭಟ್ಟರು ಎಷ್ಟೇ ಚುರುಕಾಗಿದ್ದರೂ ಉಗ್ರಾಣದಿಂದ ಸಾಮಾನು ಬರದಿದ್ದರೆ ಎಲೆಗೆ ಬಡಿಸುವುದು ಏನನ್ನು? ಆ ಕಂಪ್ಯೂಟರಿನ ಮಾಮೂಲಿ ರ್‍ಯಾಮ್ ಇದೆಯಲ್ಲ, 2133ರ ಡಿಡಿಆರ್4, ಅದರ ಎರಡು ಸ್ಟಿಕ್ ಒಟ್ಟಿಗೆ ಹಾಕಿದರೆ ಸೆಕೆಂಡಿಗೆ 34 ಜಿಬಿ ಬರುತ್ತದೆ. ದುಡ್ಡು ಕೊಟ್ಟು ತಂದ ಕಾರ್ಡಿನ ಮೆಮೊರಿ ಅದರ ಅರ್ಧದಷ್ಟೂ ಇಲ್ಲ. ಮೆಮೊರಿಯನ್ನು ಓವರ್‌ಕ್ಲಾಕ್ ಮಾಡಿಯೂ, ಅಂದರೆ ನಿಗದಿಗಿಂತ ಜಾಸ್ತಿ ವೇಗಕ್ಕೆ ಏರಿಸಿಯೂ ನೋಡಿದೆ. ನಾಲ್ಕೈದು ಫ್ರೇಮ್ ಬಿಟ್ಟರೆ ಏನೂ ಸಿಗಲಿಲ್ಲ.

ಅಂಗಡಿಗೆ ಹೋಗಿ ಕೇಳಿದೆ. 'ಸರ್, ನೀವು 1030 ಕೇಳಿದ್ರಿ, 1030 ಕೊಟ್ಟಿದ್ದೀವಿ' ಅಂದರು. ಬಿಲ್ಲಿನಲ್ಲೂ ಅಷ್ಟೇ ಇತ್ತು, ಕಾರ್ಡಿನ ಹೆಸರು ಮತ್ತು 2 ಜಿಬಿ. ಜಗಳ ಆಡಲು ನನ್ನ ಹತ್ತಿರ ಕಾಗದವೇ ಇಲ್ಲ ಅಲ್ವಾ. ಎನ್‌ವಿಡಿಯಾದವರು ಬೇರೆ ಮೆಮೊರಿ ಹಾಕಿ ಹಳೆಯ ಹೆಸರನ್ನೇ ಇಟ್ಟಿದ್ದು ತಪ್ಪು ಅಂತ ನಾನು ಈಗಲೂ ಹೇಳುತ್ತೇನೆ. ಇನ್ನೊಂದು ನಂಬರ್ ಕೊಟ್ಟಿದ್ದರೆ ಜನ ನೋಡಿ ತಗೊಳ್ಳುತ್ತಿದ್ದರು.

ಹಾಗಾಗಿ ಸೀಲ್ ಒಡೆಯುವ ಮೊದಲು ಬಾಕ್ಸಿನ ಪಕ್ಕದ ಚೀಟಿ ನೋಡಿ. ಮಾಡೆಲ್ ನಂಬರಿನಲ್ಲಿ ಡಿ4 ಅಂತಿದ್ದರೆ ಸಾಮಾನ್ಯವಾಗಿ ಅದು ಡಿಡಿಆರ್4. ಅನುಮಾನ ಇದ್ದರೆ ಆ ಮಾಡೆಲ್ ನಂಬರನ್ನು ಅಲ್ಲೇ ನಿಂತು ಫೋನಿನಲ್ಲಿ ಹುಡುಕಿ, ಕಾರ್ಡ್ ಮಾಡಿದವರ ಪೇಜಿನಲ್ಲಿ ಮೆಮೊರಿ ಯಾವುದು ಅಂತ ಇರುತ್ತದೆ. ಬಿಲ್ಲಿನಲ್ಲಿ ಜಿಡಿಡಿಆರ್5 ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಎರಡು ನಿಮಿಷ ಜಿಪಿಯು-ಝಡ್ ಓಡಿಸಿ ತೋರಿಸಿ ಅನ್ನಿ. ಇನ್ನೊಂದು ವಿಷಯ, ಜಿಟಿ 1030ರ ಎರಡು ಕಾರ್ಡಿನಲ್ಲೂ ಪರದೆಯ ಚಿತ್ರವನ್ನು ವಿಡಿಯೊ ಮಾಡಿಕೊಡುವ ಭಾಗ, ಅಂದರೆ ವಿಡಿಯೊ ಎನ್‌ಕೋಡರ್ ಇಲ್ಲ. ಆಟ ರೆಕಾರ್ಡ್ ಮಾಡಬೇಕು, ಲೈವ್ ಬಿಡಬೇಕು ಅಂತ ಇದನ್ನು ತಗೊಂಡರೆ ಆ ಕೆಲಸದ ಭಾರವನ್ನು ಈ ಕಾರ್ಡ್ ಹೊರುವುದಿಲ್ಲ.

ಹೀಗೆ ಹೆಸರಿನಲ್ಲಿ ಮೋಸ ಹೋಗಿಸುವುದು ಇದೊಂದೇ ಕಾರ್ಡ್ ಅಂದುಕೊಳ್ಳಬೇಡಿ. ಜಿಟಿಎಕ್ಸ್ 1060 ನೋಡಿ, 6 ಜಿಬಿಯದರಲ್ಲಿ 1280 ಕೋರ್, 3 ಜಿಬಿಯದರಲ್ಲಿ 1152. ಮೆಮೊರಿ ಮಾತ್ರ ಕಡಿಮೆ ಅಂತ ತಗೊಂಡವರಿಗೆ ಕೋರ್ ಕೂಡ ಕಡಿಮೆ ಸಿಕ್ಕಿತು. ಆರ್‌ಟಿಎಕ್ಸ್ 3060 ಕೂಡ ಹಾಗೇ, 12 ಜಿಬಿಯದರ ಮೆಮೊರಿ ದಾರಿ 192 ಬಿಟ್, 8 ಜಿಬಿಯದು 128 ಬಿಟ್. ಆರ್‌ಟಿಎಕ್ಸ್ 3050ರಲ್ಲಿ 8 ಜಿಬಿಗೆ 2560 ಕೋರ್, 128 ಬಿಟ್. ಆಮೇಲೆ ಬಂದ 6 ಜಿಬಿಯದು 2304 ಕೋರ್, 96 ಬಿಟ್. ಆ 6 ಜಿಬಿಯದಕ್ಕೆ 70 ವ್ಯಾಟ್ ಸಾಕು, ನಮ್ಮಂಥ ಚಿಕ್ಕ ಪವರ್ ಸಪ್ಲೈ ಇರುವವರಿಗೆ ಅದು ಒಳ್ಳೆಯದೇ. ಆದರೆ 8 ಜಿಬಿಯ ಕಾರ್ಡಿನ ಟೆಸ್ಟ್ ವಿಡಿಯೊ ನೋಡಿಕೊಂಡು 6 ಜಿಬಿಯದನ್ನು ತರಬೇಡಿ.

ನನ್ನ ಕಾರ್ಡನ್ನು ಕೊನೆಗೆ ಪರಿಚಯದ ಒಬ್ಬರಿಗೆ ಮಾರಿದೆ, ಡಿಡಿಆರ್4 ಅಂತ ಮೊದಲೇ ಹೇಳಿ, ಕೊಟ್ಟಿದ್ದರ ಅರ್ಧ ರೇಟಿಗೆ. ಅವರಿಗೆ ಬೇಕಾಗಿದ್ದು ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿಗೆ ಎರಡು ಮಾನಿಟರ್ ಸಿಕ್ಕಿಸುವುದಕ್ಕೆ. ಆ ಕೆಲಸಕ್ಕೆ ಅದು ಚೆನ್ನಾಗಿಯೇ ಇದೆ. ತಮ್ಮನಿಗೆ ಈಗ ಜಿಡಿಡಿಆರ್5ನದ್ದು ಹಾಕಿಕೊಟ್ಟಿದ್ದೇನೆ, ಈ ಸಲ ಜಿಪಿಯು-ಝಡ್‌ನಲ್ಲಿ 48 ಅಂತ ಬಂದ ಮೇಲೇ ದುಡ್ಡು ಕೊಟ್ಟಿದ್ದು.