ಗಂಟೆ ಲೆಕ್ಕದ ಕಾರು, ಸಾವಿರಾರು ವರ್ಷದ ಕಲ್ಲು: ಸೆಲ್ಫ್ ಡ್ರೈವ್ ಬಾಡಿಗೆ ಸೇವೆ ಹೇಗಿದೆ?

ನನಗೆ ಸ್ವಂತ ಕಾರಿಲ್ಲ. ಬೆಂಗಳೂರಿನ ವಿಜಯನಗರದ ನಮ್ಮ ಮನೆ ಮುಂದೆ ಸ್ಕೂಟರ್ ನಿಲ್ಲಿಸುವುದಕ್ಕೇ ದಿನಾ ಜಟಾಪಟಿ. ಆಫೀಸಿಗೆ ಮೆಟ್ರೋ ಸಾಕು. ಕಾರು ಬೇಕಾಗುವುದು ಶಾಸನ, ಕೋಟೆ, ಗವಿ, ಬೆಟ್ಟ ಅಂತ ಊರು ಬಿಟ್ಟು ಹೊರಡುವಾಗ ಮಾತ್ರ. ಹಾಗಾಗಿ ಕೆಲವು ವರ್ಷಗಳಿಂದ ಆ್ಯಪ್‌ನಲ್ಲಿ ಬುಕ್ ಮಾಡಿ ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರುಗಳನ್ನೇ ನೆಚ್ಚಿಕೊಂಡಿದ್ದೇನೆ. ಒಂದೇ ಕಂಪನಿ ಅಲ್ಲ, ಬೆಂಗಳೂರಿನಲ್ಲಿ ಸಿಗುವ ಬೇರೆ ಬೇರೆ ಸೇವೆ ಬಳಸಿದ್ದೇನೆ. ಎಲ್ಲದರ ಅನುಕೂಲ, ಕಿರಿಕಿರಿ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಇಲ್ಲಿ ಯಾರ ಹೆಸರೂ ಹಾಕುತ್ತಿಲ್ಲ.

ಈ ಸೇವೆ ಬಗ್ಗೆ ಸ್ನೇಹಿತರು ಕೇಳುವುದು ಎರಡೇ. ಕಾರು ಚೆನ್ನಾಗಿರುತ್ತಾ? ದುಡ್ಡೆಷ್ಟು? ಅದಕ್ಕಿಂತ ಮುಖ್ಯವಾದದ್ದು ವಾಪಸ್ ಕೊಡುವ ಸಮಯ. ಹೇಳಿದ ಹೊತ್ತಿಗೆ ಕಾರು ಒಪ್ಪಿಸದಿದ್ದರೆ ಗಂಟೆ ಲೆಕ್ಕದಲ್ಲಿ ದಂಡ ಬೀಳುತ್ತದೆ. ನಿಮ್ಮ ಹಿಂದೆಯೇ ಇನ್ನೊಬ್ಬರು ಅದೇ ಕಾರು ಬುಕ್ ಮಾಡಿದ್ದರೆ ಸಮಯ ಮುಂದೂಡಲೂ ಆಗುವುದಿಲ್ಲ. ರೆಸಾರ್ಟಿಗೆ ಹೋಗಿ ಬರುವವರಿಗೆ ಇದು ದೊಡ್ಡ ವಿಷಯ ಅಲ್ಲ. ಹಳೇ ಜಾಗ ನೋಡಲು ಹೋಗುವವರಿಗೆ ಮಾತ್ರ ಸರಿಯಾಗಿ ಬಿಸಿ ಮುಟ್ಟುತ್ತದೆ. ಬೆಟ್ಟ ಹತ್ತಿದ ಮೇಲೆ ಎಷ್ಟು ಹೊತ್ತಿಗೆ ಇಳಿಯುತ್ತೇವೆ ಅಂತ ಯಾರಿಗೆ ಗೊತ್ತು? ಅದಕ್ಕೆ ನಾನು ಲೆಕ್ಕ ಹಾಕಿದ್ದಕ್ಕಿಂತ ಅರ್ಧ ದಿನ ಜಾಸ್ತಿಯೇ ಬುಕ್ ಮಾಡುತ್ತೇನೆ. ಆ ಅರ್ಧ ದಿನದ ದುಡ್ಡು ಕೊಡಲು ಮನಸ್ಸಿದ್ದರೆ ಇದು ಒಳ್ಳೆಯ ಸೇವೆ. ಇಲ್ಲದಿದ್ದರೆ ಫೋನಿನಲ್ಲಿ ಟೈಮ್ ನೋಡುವುದರಲ್ಲೇ ಪ್ರವಾಸ ಮುಗಿಯುತ್ತದೆ.

ಶುಕ್ರವಾರ ಸಂಜೆ ಆರಕ್ಕೆ ಕಾರು ತಗೊಂಡರೆ ದುಡ್ಡು ಕೊಟ್ಟು ಗೊರಗುಂಟೆಪಾಳ್ಯದ ಸಿಗ್ನಲ್ ನೋಡಿದ ಹಾಗೆ. ಪೀಣ್ಯ ಫ್ಲೈಓವರ್ ಹತ್ತಿಳಿದು ನೆಲಮಂಗಲ ದಾಟುವಷ್ಟರಲ್ಲಿ ಬಾಡಿಗೆಯ ಎರಡು ಗಂಟೆ ಹೋಗಿರುತ್ತದೆ. ನಾನು ರಾತ್ರಿ ಹತ್ತರ ಮೇಲೆ ತಗೊಂಡು ಬೆಳಗ್ಗೆ ಐದಕ್ಕೆ ಹೊರಡುತ್ತೇನೆ. ಆ ಒಂದು ರಾತ್ರಿ ಕಾರು ಎಲ್ಲಿ ನಿಲ್ಲಿಸುವುದು ಅನ್ನುವುದು ಬೇರೆ ತಲೆನೋವು, ಎದುರು ಮನೆ ಅಂಕಲ್ ಗೇಟಿಗೆ ಅಡ್ಡ ಆಗಬಾರದು ನೋಡಿ. ಐದಕ್ಕೆ ಹೊರಟರೆ ಕ್ಯಾತಸಂದ್ರದಲ್ಲಿ ಬಿಸಿ ತಟ್ಟೆ ಇಡ್ಲಿ ಸಿಗುವ ಹೊತ್ತಿಗೆ ಅಲ್ಲಿರಬಹುದು. ಶಿರಾ, ಹಿರಿಯೂರು ದಾಟಿ ಒಂಬತ್ತರ ಸುಮಾರಿಗೆ ಚಿತ್ರದುರ್ಗ.

ಒಂಬತ್ತು ಅಂತ ಯಾಕೆ ಹೇಳಿದೆ ಅಂದರೆ, ಈ ಕಾರುಗಳಲ್ಲಿ ವೇಗಕ್ಕೆ ಕಡಿವಾಣ ಇರುತ್ತದೆ. ಕಪ್ಪು ನಂಬರ್ ಪ್ಲೇಟ್ ಮೇಲೆ ಹಳದಿ ಅಕ್ಷರ ಇರುವ ಕಾರುಗಳನ್ನು ನೋಡಿರುತ್ತೀರಿ, ನಾವೇ ಓಡಿಸುವ ಬಾಡಿಗೆ ಕಾರಿನ ಗುರುತು ಅದು. ನನಗೆ ಸಿಕ್ಕವುಗಳಲ್ಲಿ ಕೆಲವು 80 ಮುಟ್ಟಿದರೆ ಮುಂದಕ್ಕೆ ಏರುತ್ತಲೇ ಇರಲಿಲ್ಲ. ಸುಮ್ನೆ ಒಂದೇ ವೇಗದಲ್ಲಿ ಹೋಗುವುದಾದರೆ ತೊಂದರೆ ಇಲ್ಲ, ಪೆಟ್ರೋಲೂ ಉಳಿಯುತ್ತದೆ. ಆದರೆ 75ರಲ್ಲಿ ಹೋಗುವ ಲಾರಿಯನ್ನು ಹಿಂದೆ ಹಾಕುವಾಗ ಕಾರು ಅರ್ಧದಲ್ಲಿ ಉಸಿರು ಬಿಡುತ್ತದೆ. ಎದುರಿನಿಂದ ವಾಹನ ಬರುವ ಎರಡು ಲೇನ್ ರಸ್ತೆಯಲ್ಲಿ ಆ ಸಾಹಸ ಬೇಡವೇ ಬೇಡ. ಮ್ಯಾಪ್ ಆರು ಗಂಟೆ ತೋರಿಸಿದರೆ ಏಳು ಅಂದುಕೊಳ್ಳಿ.

ಇನ್ನು ಹಂಪಿ. ಬೆಂಗಳೂರಿನಿಂದ ಸುಮಾರು 340 ಕಿಲೋಮೀಟರ್, ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48, ಅಲ್ಲಿಂದ ಹೊಸಪೇಟೆಗೆ 50. ರಸ್ತೆ ಚೆನ್ನಾಗಿದೆ. ಆದರೆ ಬರೀ ಹಂಪಿ ನೋಡುವುದಾದರೆ ಬಾಡಿಗೆ ಕಾರು ದಂಡ ಅಂತಲೇ ನನ್ನ ಅಭಿಪ್ರಾಯ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಕಾರನ್ನು ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಬೇಕು. ಉಳಿದ ಕಡೆಯೂ ನಡೆದಷ್ಟು ನೋಡುತ್ತೀರಿ. ಕಾರು ಬಿಸಿಲಿನಲ್ಲಿ ನಿಂತಿರುತ್ತದೆ, ಬಾಡಿಗೆ ಓಡುತ್ತಿರುತ್ತದೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದು, ಅಲ್ಲೇ ಒಂದು ಆಟೋನೋ ಮೊಪೆಡ್ಡೋ ಗೊತ್ತು ಮಾಡಿಕೊಳ್ಳುವುದು ಎಷ್ಟೋ ಮೇಲು.

ಕಾರಿನ ದುಡ್ಡು ದುಡಿಯುವುದು ಹಂಪಿಯ ಸುತ್ತಮುತ್ತ. ದರೋಜಿ ಕರಡಿಧಾಮಕ್ಕೆ ಬಿಡುವುದು ಮಧ್ಯಾಹ್ನದ ಮೇಲೆ. ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕಾದರೆ ಸಂಜೆ ಬಂಡೆಗಳಿಂದ ಕರಡಿ ಇಳಿದು ಬರುತ್ತವೆ. ಅಷ್ಟು ಹೊತ್ತಿಗೆ ಅಲ್ಲಿಂದ ಬಸ್ಸು ನಂಬಿಕೊಂಡು ವಾಪಸ್ ಬರುವ ಮಾತೇ ಇಲ್ಲ.

ಹಿರೇಬೆಣಕಲ್ ಇನ್ನೊಂದು. ಗಂಗಾವತಿ ಕಡೆಯ ಈ ಊರಿನ ಗುಡ್ಡದ ಮೇಲೆ ಸುಮಾರು 400 ಶಿಲಾಗೋರಿಗಳಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಬ್ಬಿಣ ಯುಗದವು. ಊರಿನವರು ಮೋರ್ಯರ ಗುಡ್ಡ ಅನ್ನುತ್ತಾರೆ. ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ 1835ರಲ್ಲೇ ಇದರ ಬಗ್ಗೆ ಗಮನ ಸೆಳೆದಿದ್ದ. 2021ರಿಂದ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಯಲ್ಲಿದೆ. ಇಷ್ಟಿದ್ದರೂ ನಾನು ಹೋದಾಗಲೆಲ್ಲ ಅಲ್ಲಿ ಕಂಡದ್ದು ಕುರಿ ಮೇಯಿಸುವವರು ಮಾತ್ರ.

ಊರಾಚೆ ಕಚ್ಚಾ ದಾರಿಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗೋಣ ಅಂತ ನೋಡುತ್ತಿದ್ದಾಗ ಒಬ್ಬ ಹುಡುಗ ಕೈ ಅಡ್ಡ ಹಿಡಿದ. “ಸರ, ಗಾಡಿ ಇಲ್ಲೇ ಬಿಡ್ರಿ. ಮುಂದ ಕಲ್ಲು ಬಾಳ ಅದಾವ್ರಿ.” ಬಾಡಿಗೆ ಹ್ಯಾಚ್‌ಬ್ಯಾಕಿನ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರ ಅಂತ ಅವನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಅಡಿಭಾಗಕ್ಕೆ ಬಿದ್ದ ಪೆಟ್ಟು ಬಹಳಷ್ಟು ಸೇವೆಗಳ ಡ್ಯಾಮೇಜ್ ರಕ್ಷಣೆಯಲ್ಲಿ ಸೇರುವುದಿಲ್ಲ, ಪೂರ್ತಿ ಖರ್ಚು ನಮ್ಮದೇ. ಇಂಥ ಜಾಗ ಮನಸ್ಸಿನಲ್ಲಿದ್ದರೆ ನೆಲದಿಂದ ಎತ್ತರ ಇರುವ ಗಾಡಿಗೆ ಸ್ವಲ್ಪ ಜಾಸ್ತಿ ಕೊಡುವುದೇ ಜಾಣತನ. ಆಗಲೂ ಕೊನೆಯ ದಾರಿ ನಡೆದೇ ಹೋಗಬೇಕು.

ಮೇಲೆ ಹತ್ತಿದ ಮೇಲೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಸುತ್ತ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲಿನ ಮನೆಗಳು ಸಾಲಾಗಿ ನಿಂತಿವೆ. ಕೆಲವು ನನಗಿಂತ ಎತ್ತರ. ಕೆಲವದರ ಮುಂದಿನ ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ ಇದೆ. ಕಬ್ಬಿಣ ಆಗಷ್ಟೇ ಕೈಗೆ ಬಂದಿದ್ದ ಜನ ಅಷ್ಟು ಗುಂಡಾಗಿ ಹೇಗೆ ಕೊರೆದರೋ! ಚಪ್ಪಡಿ ಸೀಳಿ ತೆಗೆದ ಜಾಗದಲ್ಲಿ ಈಗ ನೀರು ನಿಲ್ಲುವ ಹೊಂಡ. ಎತ್ತರದ ಬಂಡೆಯ ಮೇಲೆ ನಗಾರಿಯಂಥ ದೊಡ್ಡ ಕಲ್ಲೊಂದಿದೆ, ಬಡಿದರೆ ದೂರದವರೆಗೆ ಸದ್ದು ಕೇಳುತ್ತದೆ. ಹತ್ತಿ, ನೋಡಿ, ಇಳಿಯಲು ಅರ್ಧ ದಿನ ಬೇಕೇ ಬೇಕು. ಅದೇ ದಿನ ಸಂಜೆ ಬೆಂಗಳೂರಿನಲ್ಲಿ ಕಾರು ಒಪ್ಪಿಸಬೇಕು ಅನ್ನುವ ಹಾಗೆ ಬುಕ್ ಮಾಡಿದ್ದರೆ ಹತ್ತಲೇಬೇಡಿ. ಇಲ್ಲಿಗೆ ನೀರು ಎಷ್ಟು ಒಯ್ದರೂ ಕಡಿಮೆಯೇ, ನೆರಳೂ ಅಷ್ಟಕ್ಕಷ್ಟೆ.

ಬರುವಾಗ ಬಂದ ದಾರಿ ಬಿಟ್ಟು ಬಳ್ಳಾರಿ, ರಾಂಪುರ, ಚಳ್ಳಕೆರೆ ಮೇಲೆ ಹಿರಿಯೂರು ಸೇರಿಕೊಳ್ಳಬಹುದು. ಹಾಗೆ ಬಂದರೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ ಸಿಗುತ್ತದೆ. ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನ ಪತ್ತೆ ಮಾಡಿದ ಜಾಗ. ಕೆತ್ತಿದ ಲಿಪಿಕಾರ ಚಪಡ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ, ತಾನು ಲಿಪಿಕಾರ ಅನ್ನುವ ಮಾತು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ! ಚಿತ್ರದುರ್ಗದ ಬಯಲಿಗೆ ಅಷ್ಟು ದೂರದ ಅಕ್ಷರ ಬಂದಿದ್ದು ನೋಡಲಿಕ್ಕಾದರೂ ಹೋಗಬೇಕು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ್ದೂ ಇಲ್ಲೇ. ಊರಿಂದೂರಿಗೆ ಬಸ್ಸು ಬದಲಿಸುತ್ತಾ ಕೂತರೆ ಈ ಸುತ್ತಿಗೆ ಇಡೀ ವಾರ ಬೇಕು. ಬಾಡಿಗೆ ಕಾರು ಅತಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಇಂಥ ಕಡೆಯೇ.

ದುಡ್ಡಿನ ವಿಷಯ. ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕಿಗೆ ನನಗೆ ದಿನಕ್ಕೆ ಸುಮಾರು 2,000ದಿಂದ 3,000 ರೂಪಾಯಿ ಬಿದ್ದಿದೆ. ರಜೆ ಸಾಲಾಗಿ ಬಂದರೆ ಇನ್ನೂ ಜಾಸ್ತಿ. ಆದರೆ ಬಾಡಿಗೆಯನ್ನಷ್ಟೇ ನೋಡಬೇಡಿ. ಹಂಪಿ, ಹಿರೇಬೆಣಕಲ್, ಬ್ರಹ್ಮಗಿರಿ ಸುತ್ತಿ ಬಂದರೆ 900 ಕಿಲೋಮೀಟರ್ ಹತ್ತಿರ ಆಗುತ್ತದೆ. ಲೀಟರಿಗೆ 15 ಕೊಟ್ಟರೂ 60 ಲೀಟರ್, ಅಂದರೆ ಪೆಟ್ರೋಲಿಗೇ 6,000 ರೂಪಾಯಿ ದಾಟುತ್ತದೆ. ಟೋಲ್ ಬೇರೆ. ದಿನಕ್ಕೆ ಇಷ್ಟೇ ಕಿಲೋಮೀಟರ್ ಅನ್ನುವ ಮಿತಿ ಇರುವ ಅಗ್ಗದ ಪ್ಲಾನ್ ಇಂಥ ಸುತ್ತಾಟಕ್ಕೆ ಆಗಿಬರುವುದಿಲ್ಲ. ಕಾರು ಕೊಟ್ಟಾಗ ಎಷ್ಟು ಪೆಟ್ರೋಲ್ ಇತ್ತೋ ವಾಪಸ್ ಕೊಡುವಾಗಲೂ ಅಷ್ಟಿರಬೇಕು. ಮುಳ್ಳಿನ ಫೋಟೋ ತೆಗೆದಿಟ್ಟುಕೊಳ್ಳಿ.

ಫೋಟೋ ಅಂದ ಮೇಲೆ ಡಿಪಾಸಿಟ್ ಕಥೆ ಹೇಳಲೇಬೇಕು. ಒಂದು ಸೇವೆಯವರು ಬಂಪರ್ ಕೆಳಗಿನ ಗೀರು ನನ್ನದೇ ಅಂತ ಡಿಪಾಸಿಟ್‌ನಲ್ಲಿ ಮುರಿದುಕೊಂಡರು. ಕಾರು ತಗೊಂಡಾಗಲೇ ಟಾರ್ಚ್ ಹಾಕಿ ಸುತ್ತಲೂ ವಿಡಿಯೋ ಮಾಡಿದ್ದೆ. ಅದನ್ನು ಕಳಿಸಿದರೂ ಮೊದಲು ಸಿಕ್ಕಿದ್ದು ಯಂತ್ರದ ಉತ್ತರ. ಮತ್ತೆ ಮತ್ತೆ ಬರೆದ ಮೇಲೆ ದುಡ್ಡು ವಾಪಸ್ ಬಂತು. ವಿಡಿಯೋ ಇಲ್ಲದಿದ್ದರೆ ಬರುತ್ತಿರಲಿಲ್ಲ ಅನ್ನುವುದು ಖಂಡಿತ. ರಾತ್ರಿ ಹೊತ್ತು ಕಾರು ತಗೊಳ್ಳುವವರು ಈ ಕೆಲಸಕ್ಕೆ ಹತ್ತು ನಿಮಿಷ ಇಡಿ.

ಸ್ಟೆಪ್ನಿಯನ್ನು ಡಿಕ್ಕಿ ತೆಗೆದು ಕೈಯಿಂದ ಒತ್ತಿ ನೋಡಬೇಕು. ಗಾಳಿ ಇಲ್ಲದ ಸ್ಟೆಪ್ನಿ, ಹಿಡಿ ಇಲ್ಲದ ಜಾಕ್ ಎರಡೂ ನೋಡಿದ್ದೇನೆ. ಟೈರ್ ಸವೆದಿದ್ದರೆ ಅಲ್ಲೇ ಬೇರೆ ಕಾರು ಕೇಳಿ. ಒಂದು ಮಾತು ಇವರ ಪರವಾಗಿ: ಎಂಜಿನ್, ಬ್ರೇಕ್ ವಿಷಯದಲ್ಲಿ ನನಗೆ ದಾರಿಯಲ್ಲಿ ಯಾವತ್ತೂ ಕೈ ಕೊಟ್ಟಿಲ್ಲ.

ರಾಜ್ಯದ ಗಡಿ ದಾಟುವುದಾದರೆ ಪರ್ಮಿಟ್ ಮತ್ತು ತೆರಿಗೆ ಯಾರು ಕಟ್ಟುತ್ತಾರೆ ಅಂತ ಬುಕ್ ಮಾಡುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿ. ಲೇಪಾಕ್ಷಿ ಬೆಂಗಳೂರಿಗೆ ಎಷ್ಟೇ ಹತ್ತಿರ ಇದ್ದರೂ ಅದು ಆಂಧ್ರ. ವಯನಾಡಿನ ಎಡಕ್ಕಲ್ ಗವಿಗೆ ಹೋಗುವಾಗ ಇನ್ನೊಂದು ಗಡಿಯಾರವೂ ಸೇರಿಕೊಳ್ಳುತ್ತದೆ. ಬಂಡೀಪುರದ ಕಾಡಿನ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಎರಡು ಬಂಡೆಗಳ ನಡುವೆ ಮೇಲಿನಿಂದ ಬಿದ್ದ ಕಲ್ಲು ಸಿಕ್ಕಿಕೊಂಡು ಆದ ಆ ಗವಿಯಲ್ಲಿ, ಗೋಡೆ ತುಂಬಾ ಕೊರೆದ ಮನುಷ್ಯರ, ಪ್ರಾಣಿಗಳ ಚಿತ್ರ ನೋಡುತ್ತಾ ಮೈ ಮರೆತರೆ ಗೇಟು ತಪ್ಪುತ್ತದೆ. ಕುಟ್ಟ, ಗೋಣಿಕೊಪ್ಪ ಮೇಲೆ ಸುತ್ತಿ ಬರಬಹುದು, ಆದರೆ ಅದು ಬಳಸು ದಾರಿ. ಬೆಳಗ್ಗೆ ಕಾರು ಒಪ್ಪಿಸಬೇಕಿದ್ದರೆ ನಿದ್ದೆಗೆಟ್ಟು ಓಡಿಸಬೇಕಾಗುತ್ತದೆ. ಸೋಮವಾರ ಎಡಕ್ಕಲ್‌ಗೆ ರಜೆ, ಅದೂ ನೆನಪಿರಲಿ.

ಹತ್ತಿರದ ಜಾಗಗಳಿಗೆ ಈ ಸೇವೆ ಬೇಡ. ಬೆಂಗಳೂರು ಅನ್ನುವ ಹೆಸರಿರುವ ಗಂಗರ ಕಾಲದ ವೀರಗಲ್ಲು ಸಿಕ್ಕಿದ್ದು ನಮ್ಮದೇ ಊರಿನ ಬೇಗೂರಿನಲ್ಲಿ. ಅಲ್ಲಿನ ನಾಗೇಶ್ವರ ದೇವಸ್ಥಾನಕ್ಕೆ ಸಿಟಿ ಬಸ್ಸೇ ಸಾಕು. ತಲಕಾಡಿಗೂ ಬಸ್ಸಿನಲ್ಲಿ ಆರಾಮಾಗಿ ಹೋಗಿ ಬಂದಿದ್ದೇನೆ.

ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಬಿಳಿ ಬೋರ್ಡ್ ಕಾರು ಬಾಡಿಗೆಗೆ ಕೊಡುತ್ತೇನೆ ಅಂದರೆ ಒಪ್ಪಬೇಡಿ. ಸ್ವಂತ ಬಳಕೆಗೆ ನೋಂದಣಿಯಾದ ಕಾರನ್ನು ಬಾಡಿಗೆಗೆ ಬಿಡುವುದು ಕಾನೂನಿಗೆ ವಿರುದ್ಧ. ಅಪಘಾತ ಆದರೆ ವಿಮೆಯವರು ಕೈ ಎತ್ತಬಹುದು.

ಅಮ್ಮ ಜೊತೆಗಿದ್ದರೆ ಮಾತ್ರ ನಾನು ಸೆಲ್ಫ್ ಡ್ರೈವ್ ತಗೊಳ್ಳುವುದಿಲ್ಲ. ಅವರಿಗೆ ಮಂಡಿ ನೋವು, ಪಾರ್ಕಿಂಗ್‌ನಿಂದ ನಡೆಯಲು ಆಗುವುದಿಲ್ಲ. ಶ್ರವಣಬೆಳಗೊಳ, ಬೇಲೂರು ಕಡೆ ಹೊರಟರೆ ಡ್ರೈವರ್ ಇರುವ ಹಳದಿ ಬೋರ್ಡ್ ಗಾಡಿ ಗೊತ್ತು ಮಾಡುತ್ತೇನೆ. ಡ್ರೈವರಣ್ಣ ಬಾಗಿಲ ಹತ್ತಿರವೇ ಇಳಿಸಿ, ಗಾಡಿ ತಾನೇ ಎಲ್ಲೋ ನಿಲ್ಲಿಸಿಕೊಂಡು, ಫೋನ್ ಮಾಡಿದರೆ ಬರುತ್ತಾರೆ. ಬಾಡಿಗೆ ಜೊತೆಗೆ ಅವರ ದಿನದ ಭತ್ಯೆಯನ್ನೂ ಕೊಡಬೇಕು, ಹೌದು. ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಒಂದು ನಿದ್ದೆ ತೆಗೆಯಬಹುದಲ್ವಾ, ಅದಕ್ಕೆ ಕೊಡಬಹುದು.