ನಾಲ್ಕು ಸೀಸನ್ ದುಡ್ಡು ಕೊಟ್ಟು ಬಳಸಿದ ಕ್ಲೋಸರ್ ಚಾರ್ಟ್: ಬಣ್ಣ ಬಿಡಿ, ಲಾಗ್ ನೋಡಿ

2022ರ ಏಪ್ರಿಲ್‌ನಿಂದ 2025ರ ಸೆಪ್ಟೆಂಬರ್ ತನಕ ಪೂರ್ತಿ ನಾಲ್ಕು ಸೀಸನ್, ಪ್ರತಿ ಬೇಸ್‌ಬಾಲ್ ಟೀಮ್‌ನಲ್ಲಿ ಕೊನೆಗೆ ಬಂದು ಮ್ಯಾಚ್ ಮುಗಿಸೋ ಕ್ಲೋಸರ್ ಯಾರು ಅಂತ ತೋರಿಸೋ ಈ ಸರ್ವಿಸ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಿದೀನಿ. ಹೆಸರು ಹಾಕಲ್ಲ, ಇದೇ ತರದ್ದು ಇನ್ನೂ ಇದಾವೆ, ನಾನು ಹೇಳೋದು ಹೆಚ್ಚುಕಮ್ಮಿ ಎಲ್ಲದಕ್ಕೂ ಆಗುತ್ತೆ. ನಾನಿರೋದು ನ್ಯೂಜೆರ್ಸಿ, ಆಫೀಸ್‌ನವರ ಜೊತೆ 12 ಟೀಮ್‌ಗಳ ಫ್ಯಾಂಟಸಿ ಬೇಸ್‌ಬಾಲ್ ಲೀಗ್ ಆಡ್ತೀನಿ (ನಿಜವಾದ ಆಟಗಾರರನ್ನ ನಮ್ಮ ಟೀಮ್‌ಗೆ ಆರಿಸ್ಕೊಂಡು ಅವರ ಅಂಕಿಅಂಶದ ಮೇಲೆ ಪೈಪೋಟಿ, ಒಬ್ಬರು ಎತ್ಕೊಂಡ ಆಟಗಾರ ಇನ್ನೊಬ್ಬರಿಗೆ ಸಿಗಲ್ಲ), ಅದರಲ್ಲಿ ಸೇವ್ ಒಂದು ಕ್ಯಾಟಗರಿ, ಆ ಒಂದು ಕ್ಯಾಟಗರಿಗೋಸ್ಕರ ನಾನು ಕಳೆದಿರೋ ರಾತ್ರಿಗಳು ಲೆಕ್ಕಕ್ಕೆ ಸಿಗಲ್ಲ.

ಕ್ರಿಕೆಟ್ ಮಾತ್ರ ನೋಡೋರಿಗೆ ಸ್ವಲ್ಪ ಹೇಳ್ತೀನಿ. ಕ್ಲೋಸರ್ ಅಂದ್ರೆ ಡೆತ್ ಓವರ್ ಬೌಲರ್ ತರ, ಟೀಮ್ ಮುಂದಿರುವಾಗ ಕೊನೆಯ ಒಂಬತ್ತನೇ ಇನಿಂಗ್‌ಗೆ ಬಂದು ಮೂರು ಔಟ್ ತಗೊಂಡು ಮ್ಯಾಚ್ ಮುಗಿಸೋನು. ಸಾಮಾನ್ಯವಾಗಿ ಮೂರು ರನ್ ಅಥವಾ ಅದಕ್ಕಿಂತ ಕಮ್ಮಿ ಲೀಡ್ ಇದ್ದಾಗ ಬಂದು ಒಂದು ಇನಿಂಗ್ ಮುಗಿಸಿದ್ರೆ ಒಂದು ಸೇವ್. ಇದು ಅಧಿಕೃತ ಲೆಕ್ಕಕ್ಕೆ ಬಂದಿದ್ದು 1969ರಲ್ಲಿ. ಇಲ್ಲಿ ಅರ್ಥ ಮಾಡ್ಕೋಬೇಕಾಗಿರೋದು ಏನಂದ್ರೆ, ಸೇವ್ ಸಿಗೋದು ಬೆಸ್ಟ್ ಪಿಚರ್‌ಗೆ (ಅಂದ್ರೆ ಬೌಲರ್‌ಗೆ) ಅಲ್ಲ, ಮ್ಯಾನೇಜರ್ (ಟೀಮ್ ಕೋಚ್) ಒಂಬತ್ತನೇ ಇನಿಂಗ್‌ಗೆ ಯಾರನ್ನ ಕರೀತಾನೋ ಅವನಿಗೆ. 2016ರಲ್ಲಿ ಕ್ಲೀವ್‌ಲ್ಯಾಂಡ್ ಟೀಮ್ ಆಂಡ್ರೂ ಮಿಲ್ಲರ್‌ನ ತಂದಾಗ ಮ್ಯಾನೇಜರ್ ಟೆರ್ರಿ ಫ್ರಾಂಕೋನಾ ಅವನನ್ನ ಮ್ಯಾಚ್ ಎಲ್ಲಿ ಕೈತಪ್ಪೋ ತರ ಇದೆಯೋ ಅಲ್ಲಿ ಇಳಿಸ್ತಿದ್ದ, ಆರನೇ ಇನಿಂಗ್ ಆದ್ರೂ ಸರಿ, ಏಳನೇದಾದ್ರೂ ಸರಿ; ಸೇವ್ ಮಾತ್ರ ಹೆಚ್ಚಾಗಿ ಕ್ಲೋಸರ್ ಕೋಡಿ ಆಲನ್ ಹೆಸರಿಗೇ ಹೋಗ್ತಿತ್ತು. ಹಾಗಾಗಿ ಯಾರು ಕ್ಲೋಸರ್ ಆಗ್ತಾರೆ ಅಂತ ಊಹಿಸೋದಂದ್ರೆ ಅರ್ಧ ಪಿಚರ್‌ನ ಓದೋದು, ಅರ್ಧ ಮ್ಯಾನೇಜರ್ ತಲೆ ಓದೋದು.

ಈ ಸರ್ವಿಸ್ ಕೊಡೋದು ಇಷ್ಟು. 30 ಟೀಮ್‌ದೂ ಒಂದು ಪಟ್ಟಿ, ಈಗಿನ ಕ್ಲೋಸರ್ ಯಾರು, ಅವನ ಹಿಂದೆ ಸಾಲಲ್ಲಿ ಯಾರು, ಪಕ್ಕದಲ್ಲಿ ಹಸಿರು ಹಳದಿ ಕೆಂಪು ಬಣ್ಣ (ಹಸಿರು ಅಂದ್ರೆ ಕ್ಲೋಸರ್ ಜಾಗ ಭದ್ರ, ಕೆಂಪು ಅಂದ್ರೆ ಅಪಾಯ). ಒಳಗೆ ಹೋದ್ರೆ ಲಾಗ್, ಅಂದ್ರೆ ಪ್ರತಿ ರಿಲೀವರ್ (ಮ್ಯಾಚ್ ಮಧ್ಯೆ ಬದಲಿಯಾಗಿ ಬರೋ ಪಿಚರ್) ಕಳೆದ ವಾರ ಯಾವ್ಯಾವ ದಿನ, ಯಾವ ಇನಿಂಗ್‌ಗೆ, ಎಷ್ಟು ರನ್ ಲೀಡ್ ಇದ್ದಾಗ ಬಂದ, ಎಷ್ಟು ಪಿಚ್ (ಎಸೆತ) ಹಾಕಿದ, ಫಾಸ್ಟ್‌ಬಾಲ್ ಸ್ಪೀಡ್ ಎಷ್ಟಿತ್ತು ಅಂತ. ಜೊತೆಗೆ ಫೋನ್‌ಗೆ ಅಲರ್ಟ್.

ಮೊದಲನೇ ವರ್ಷ ನಾನು ಬಣ್ಣಕ್ಕೆ ಫಿದಾ ಆಗಿದ್ದೆ. ಸಾಲಲ್ಲಿ ಎರಡನೇಯವನು ಅಂತ ಬ್ರೂವರ್ಸ್‌ನ ಡೆವಿನ್ ವಿಲಿಯಮ್ಸ್‌ನ ತಿಂಗಳುಗಟ್ಟಲೆ ಬೆಂಚ್ ಮೇಲೆ ಇಟ್ಕೊಂಡಿದ್ದೆ, 2022ರ ಆಗಸ್ಟ್ 1ಕ್ಕೆ ಬ್ರೂವರ್ಸ್‌ನವರು ತಮ್ಮ ಕ್ಲೋಸರ್ ಜಾಶ್ ಹೇಡರ್‌ನ ಪ್ಯಾಡ್ರೆಸ್‌ಗೆ ಕೊಟ್ಟುಬಿಟ್ರು, ಅದೂ ಡಿವಿಷನ್‌ನಲ್ಲಿ ಮೊದಲ ಸ್ಥಾನದಲ್ಲಿ ಇರುವಾಗ! ಒಂಬತ್ತನೇ ಇನಿಂಗ್ ವಿಲಿಯಮ್ಸ್ ಕಡೆ ಬಂತು, ಆವತ್ತು ನನಗೆ ಈ ಚಾರ್ಟ್ ದೇವರು ಅನ್ನಿಸಿತ್ತು. ಆದ್ರೆ ಅದು ಸುಲಭದ ಕೇಸ್, ಎಂಟನೇ ಇನಿಂಗ್ ಯಾರದ್ದು, ಅಂದ್ರೆ ಕ್ಲೋಸರ್ ಆಮೇಲಿನ ಸರದಿ ಯಾರದ್ದು ಅಂತ ಎಲ್ಲರಿಗೂ ಗೊತ್ತಿದ್ದ ಟೀಮ್ ಅದು. ದುಡ್ಡು ಮಾತಾಡೋ ಕೇಸ್‌ಗಳೂ ಹಾಗೇ ಸುಲಭ, 2024ರ ಜನವರಿಯಲ್ಲಿ ಆಸ್ಟ್ರೋಸ್‌ನವರು ಅದೇ ಹೇಡರ್‌ಗೆ 5 ವರ್ಷಕ್ಕೆ 9.5 ಕೋಟಿ ಡಾಲರ್ ಕೊಟ್ರು, ಅಲ್ಲಿಗೆ ಅಲ್ಲಿಯ ಕ್ಲೋಸರ್ ರಯನ್ ಪ್ರೆಸ್ಲಿ ಎಂಟನೇ ಇನಿಂಗ್‌ಗೆ ಸರಿದ.

ನೋವು ಕೊಟ್ಟಿದ್ದು 2024ರ ಓರಿಯೋಲ್ಸ್. ಅವರ ಕ್ಲೋಸರ್ ಫೆಲಿಕ್ಸ್ ಬೌಟಿಸ್ಟಾಗೆ ಮೊಣಕೈ ಟಾಮಿ ಜಾನ್ ಸರ್ಜರಿ ಆಗಿತ್ತು, ಪೂರ್ತಿ ವರ್ಷ ಇಲ್ಲ, ಅವನ ಜಾಗಕ್ಕೆ ಕ್ರೇಗ್ ಕಿಂಬ್ರೆಲ್ ಬಂದ, ಕೆರಿಯರ್‌ನಲ್ಲಿ 400ಕ್ಕೂ ಹೆಚ್ಚು ಸೇವ್ ಇರೋ ಮನುಷ್ಯ. ಬೇಸಿಗೆಯ ಮೊದಲ ಭಾಗ ಚೆನ್ನಾಗೇ ಹೋಯ್ತು. ಆಮೇಲೆ ವಾಕ್ ಮೇಲೆ ವಾಕ್ (ಕೆಟ್ಟ ಎಸೆತ ಹಾಕಿ ಬ್ಯಾಟರ್‌ಗೆ ಪುಕ್ಕಟೆ ಬೇಸ್ ಕೊಡೋದು), ನಾನು ಕಣ್ಣಾರೆ ನೋಡ್ತಾ ಇದೀನಿ, ಎದೆ ಡವಡವ ಅಂತಿದೆ, ಚಾರ್ಟ್ ತೆಗೆದ್ರೆ ಇನ್ನೂ ಹಸಿರು. ಸರಿ ಇವರಿಗೆ ನನಗಿಂತ ಜಾಸ್ತಿ ಗೊತ್ತಿರುತ್ತೆ ಅಂತ ಸುಮ್ಮನಾದೆ. ಹಳದಿ ಆಗುವಷ್ಟರಲ್ಲಿ ಜುಲೈನಲ್ಲಿ ಫಿಲ್ಲೀಸ್‌ನಿಂದ ಬಂದು ಕಿಂಬ್ರೆಲ್ ಜಾಗ ಹಿಡಿದ ಸೆರಾಂತನಿ ಡೊಮಿಂಗೆಝ್‌ನ ನಮ್ಮ ಲೀಗ್‌ನಲ್ಲಿ ಬೇರೆಯವರು ಎತ್ಕೊಂಡಾಗಿತ್ತು. ಕಿಂಬ್ರೆಲ್‌ನ ಸೆಪ್ಟೆಂಬರ್‌ನಲ್ಲಿ ಟೀಮ್‌ನವರೇ ಕೈಬಿಟ್ರು, ಸೀಸನ್ ಇಆರ್‌ಎ (ಒಂಬತ್ತು ಇನಿಂಗ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್) 5.33. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋದಕ್ಕೆ ನಾನ್ಯಾಕೆ ದುಡ್ಡು ಕೊಡಬೇಕು? ಇದನ್ನ ಸರ್ವಿಸ್‌ನವರಿಗೆ ಬರೆದೆ, ಸ್ಕ್ರೀನ್‌ಶಾಟ್ ಸಮೇತ. ಫೀಡ್‌ಬ್ಯಾಕ್‌ಗೆ ಧನ್ಯವಾದ ಅಂತ ಒಂದು ಆಟೋಮ್ಯಾಟಿಕ್ ಉತ್ತರ ಬಂತು ಅಷ್ಟೇ.

ಆ ಚಳಿಗಾಲ ಕೂತ್ಕೊಂಡು ಹಳೇ ಲಾಗ್ ಎಲ್ಲಾ ಓದಿದೆ. ಆಗ ಗೊತ್ತಾಯ್ತು, ಬಣ್ಣ ಬದಲಾಗೋದು ಸುದ್ದಿ ಬಂದ ಮೇಲೆ, ಲಾಗ್ ಬದಲಾಗೋದು ಸುದ್ದಿಗೆ ಮುಂಚೆ. ಮ್ಯಾನೇಜರ್ ಪ್ರೆಸ್ ಮುಂದೆ ನಮ್ಮ ಕ್ಲೋಸರ್ ಮೇಲೆ ನಂಬಿಕೆ ಇದೆ ಅಂತಾನೇ ಹೇಳೋದು, ಬೇರೆ ಏನು ಹೇಳಕ್ಕಾಗುತ್ತೆ ಪಾಪ, ಆದ್ರೆ ಒಂದು ರನ್ ಲೀಡ್ ಇದ್ದಾಗ, ಎದುರು ಟೀಮಿನ ದೊಡ್ಡ ಬ್ಯಾಟರ್‌ಗಳು ಎಂಟನೇ ಇನಿಂಗ್‌ನಲ್ಲಿ ಬಂದಾಗ ಅವನ ಕೈ ಯಾರ ಕಡೆ ಹೋಗುತ್ತೆ ನೋಡಿ. ಕ್ಲೋಸರ್‌ನ ನಾಲ್ಕು ರನ್ ಲೀಡ್‌ನಲ್ಲಿ ಇಳಿಸಿದ್ರೆ, ಅವನು ದಿನಗಟ್ಟಲೆ ಬೌಲ್ ಮಾಡಿಲ್ಲ ಅನ್ನೋದಕ್ಕೆ ಇರಬಹುದು, ಅಥವಾ ಒತ್ತಡ ಇಲ್ಲದ ಕಡೆ ಸರಿಹೋಗ್ಲಿ ಅಂತಿರಬಹುದು. ಎರಡನ್ನೂ ಬೇರೆ ಮಾಡೋದು ಹಿಂದಿನ ಮೂರು ದಿನದ ಪಿಚ್ ಲೆಕ್ಕ.

2025ರಲ್ಲಿ ಹೀಗೇ ಮಾಡಿದೆ. ಯಾಂಕೀಸ್‌ಗೆ ಬಂದ ಅದೇ ಡೆವಿನ್ ವಿಲಿಯಮ್ಸ್ ಏಪ್ರಿಲ್‌ನಲ್ಲಿ ತತ್ತರಿಸ್ತಿದ್ದ, ಲ್ಯೂಕ್ ವೀವರ್ ರನ್ನೇ ಬಿಟ್ಟುಕೊಡ್ತಿರಲಿಲ್ಲ, ಕಷ್ಟದ ಇನಿಂಗ್‌ಗಳೆಲ್ಲ ವೀವರ್‌ಗೇ ಹೋಗ್ತಿದ್ವು. ಚಾರ್ಟ್ ಇನ್ನೂ ಹಸಿರು ಇದ್ದಾಗಲೇ ವೀವರ್‌ನ ತಗೊಂಡೆ. ತಿಂಗಳ ಕೊನೆಗೆ ಒಂಬತ್ತನೇ ಇನಿಂಗ್ ವಿಲಿಯಮ್ಸ್ ಕೈಯಿಂದ ಹೋಯ್ತು. ಜೂನ್‌ನಲ್ಲಿ ವೀವರ್‌ಗೆ ಪೆಟ್ಟಾಗಿ ಮತ್ತೆ ವಿಲಿಯಮ್ಸ್, ಜುಲೈ ಕೊನೆಗೆ ಪೈರೇಟ್ಸ್‌ನಿಂದ ಡೇವಿಡ್ ಬೆಡ್ನಾರ್ ಬಂದ, ಆಮೇಲೆ ಅವನೇ. ಒಂದೇ ಟೀಮ್, ಒಂದೇ ವರ್ಷ!

ಜುಲೈ ಕೊನೆ ಬಗ್ಗೆ ಬೇರೆಯಾಗೇ ಹೇಳಬೇಕು. ಟ್ರೇಡ್ ಡೆಡ್‌ಲೈನ್ (ಟೀಮ್‌ಗಳು ಆಟಗಾರರನ್ನ ಅದಲುಬದಲು ಮಾಡೋಕೆ ಕೊನೆ ದಿನ) ಹತ್ರ ಸೋಲ್ತಾ ಇರೋ ಟೀಮಿನ ಒಳ್ಳೇ ಕ್ಲೋಸರ್ ಅತಿ ಅಪಾಯದ ಆಸ್ತಿ, ಅವನು ಚೆನ್ನಾಗಿ ಆಡಿದಷ್ಟೂ ಮಾರಾಟ ಆಗೋ ಸಾಧ್ಯತೆ ಜಾಸ್ತಿ. 2025ರಲ್ಲಿ ಅಥ್ಲೆಟಿಕ್ಸ್‌ನ ಕ್ಲೋಸರ್ ಮೇಸನ್ ಮಿಲ್ಲರ್ ಪ್ಯಾಡ್ರೆಸ್‌ಗೆ ಹೋದ, ಅಲ್ಲಿ ರಾಬರ್ಟ್ ಸುವಾರೆಝ್ ಇದ್ದ, ಆ ವರ್ಷ 40 ಸೇವ್ ಮಾಡಿದವನು, ಹಾಗಾಗಿ ಅಂಥಾ ವೇಗದ ಮಿಲ್ಲರ್‌ಗೂ ಎಂಟನೇ ಇನಿಂಗೇ ಗತಿ. ಟ್ವಿನ್ಸ್‌ನ ಜೋನ್ ಡುರಾನ್ ಫಿಲ್ಲೀಸ್‌ಗೆ ಹೋಗಿ ನೇರ ಕ್ಲೋಸರ್ ಆದ. ಟ್ರೇಡ್ ಅಪಾಯ ಅಂತ ಒಂದು ಕಾಲಂ ಈ ಚಾರ್ಟ್‌ನಲ್ಲಿ ಇಲ್ಲ, ನಾಲ್ಕು ವರ್ಷದಿಂದ ಕೇಳ್ತಿದೀನಿ. ಗಾಯ ಬಿಡಿ, ಅದನ್ನ ಯಾರೂ ಹೇಳಕ್ಕಾಗಲ್ಲ, 2023ರ ಮಾರ್ಚ್‌ನಲ್ಲಿ ಮೆಟ್ಸ್ ಕ್ಲೋಸರ್ ಎಡ್ವಿನ್ ಡಿಯಾಝ್ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಗೆದ್ದ ಖುಷಿಗೆ ಕುಣಿಯುವಾಗ ಮಂಡಿಯ ಟೆಂಡನ್ ಹರ್ಕೊಂಡು ಇಡೀ ವರ್ಷ ಹೋಯ್ತು.

ಅಲರ್ಟ್ ನಂಬೋಕಾಗಲ್ಲ. ಕ್ಯಾಲಿಫೋರ್ನಿಯಾ ಮ್ಯಾಚ್‌ಗಳು ನಮಗೆ ರಾತ್ರಿ ಒಂದು ಗಂಟೆಗೆ ಮುಗಿಯುತ್ತೆ, ಅಲರ್ಟ್ ಬರೋದು ಬೆಳಿಗ್ಗೆ, ಅಷ್ಟೊತ್ತಿಗೆ ಆ ಆಟಗಾರ ಇನ್ನೊಬ್ಬರ ಟೀಮ್‌ನಲ್ಲಿ.

ದುಡ್ಡಿನ ವಿಷಯ: ವರ್ಷದ ಪ್ಲಾನ್ ತಗೋಬೇಡಿ, ಲಾಗ್ ಕೆಲಸಕ್ಕೆ ಬರೋದು ಏಪ್ರಿಲ್ ಮತ್ತೆ ಜುಲೈ ಆಗಸ್ಟ್‌ನಲ್ಲಿ, ಆ ಮೂರು ತಿಂಗಳಿಗೆ ಕಟ್ಟಿದ್ರೆ ಸಾಕು, ನಾನು 2026ಕ್ಕೆ ಹಾಗೇ ಮಾಡ್ತೀನಿ. ಸೀಸನ್ ಮುಗಿದ ತಕ್ಷಣ ಆಟೋ ರಿನ್ಯೂವಲ್ ಆಫ್ ಮಾಡಿ, ಆ ಬಟನ್ ಪ್ರೊಫೈಲ್ ಪೇಜ್‌ನಲ್ಲಿ ಇಲ್ಲ, ಬಿಲ್ಲಿಂಗ್ ಒಳಗೆ ಕೆಳಗಡೆ ಇದೆ.