ಹಳೆ ಪವನಿಗೆ ಗ್ರೇಡಿಂಗ್ ಮಾಡಿಸಿದರೆ ಬೆಲೆ ಏರುತ್ತದಾ?

ಬಹುಪಾಲು ಪವನಿಗೆ, ಅಂದರೆ ಬ್ರಿಟಿಷರ ‘ಸಾವರಿನ್’ ಚಿನ್ನದ ನಾಣ್ಯಕ್ಕೆ, ಏರುವುದಿಲ್ಲ. ಪಿಸಿಜಿಎಸ್, ಎನ್‌ಜಿಸಿಯಂಥ ಅಮೆರಿಕದ ನಾಣ್ಯ ಗ್ರೇಡಿಂಗ್ ಸಂಸ್ಥೆಗಳು ಕೊಡುವುದು ಮೂರು: ಅಸಲಿ ಹೌದೋ ಅಲ್ಲವೋ ಎಂಬ ತೀರ್ಪು, 1ರಿಂದ 70ರವರೆಗಿನ ಅಂಕ (60 ಅಥವಾ ಅದಕ್ಕೂ ಮೇಲಿದ್ದರೆ ಚಲಾವಣೆಯಲ್ಲಿ ಸವೆಯದ್ದು), ನಂಬರ್ ಹಾಕಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ. ಇದರಲ್ಲಿ ಕಾಸಿಗೆ ತಕ್ಕದ್ದು ಮೊದಲನೆಯದು.

ಕಾಸರಗೋಡಿನ ಕಡೆಯ ತೊಂದರೆಯೇ ಬೇರೆ. ಇಲ್ಲಿ ಪವನು ಕೊರಳಿಗೆ ಹೋದದ್ದೇ ಹೆಚ್ಚು. ಸರಕ್ಕೆ ಪೋಣಿಸಲೆಂದು ಅಂಚಿಗೆ ಕೊಂಡಿ ಬೆಸೆದಿರುತ್ತಾರೆ. ಕೊಂಡಿ ಕಿತ್ತು ಅರ ಹಾಕಿದ್ದರೂ 10 ಪಟ್ಟಿನ ಲೆನ್ಸ್ ಹಿಡಿದರೆ ಗುಟ್ಟು ರಟ್ಟು: ಆ ಜಾಗದಲ್ಲಿ ಅಂಚಿನ ಹಲ್ಲು ನುಣ್ಣಗಾಗಿರುತ್ತದೆ, ಬೆಸುಗೆಯ ಬಣ್ಣ ತುಸು ಬೇರೆ. ಇಂಥದಕ್ಕೆ ಅಂಕ ಸಿಗದು, ‘ಡೀಟೇಲ್ಸ್’ (ಅಸಲಿ, ಆದರೆ ಹಾನಿಯಾದದ್ದು) ಎಂದು ಬರೆದು ವಾಪಸ್ ಬರುತ್ತದೆ. ಶುಲ್ಕ, ಅಂಚೆ, ವಿಮೆ ಎಲ್ಲ ದಂಡ. ಅಂಟುವಾಳದ ನೀರಲ್ಲಿ ಬ್ರಷ್ ಹಾಕಿ ಉಜ್ಜಿದ ಪವನಿಗೂ ಅದೇ ಗತಿ. ಓರೆ ಬೆಳಕಿನಲ್ಲಿ ಕೂದಲೆಳೆಯಂಥ ಗೀರುಗಳು ಎದ್ದು ಕಾಣುತ್ತವೆ. ಕಳಿಸುವ ಮೊದಲು ತೊಳೆಯಲೇಬೇಡಿ, ಅಂಚು ಹಿಡಿದೇ ಎತ್ತಿ.

ಮನೆಯಲ್ಲೇ ನೋಡಬಹುದಾದ್ದು: ತೂಕ 7.98 ಗ್ರಾಂ ಆಸುಪಾಸು, ಅಗಲ 22.05 ಮಿ.ಮೀ. ಎರಡರಲ್ಲೊಂದು ತಪ್ಪಿದರೂ ಮುಂದೆ ಹೋಗಬೇಡಿ. ಇಸವಿ 1918 ಇದ್ದು, ಅದರ ಮೇಲೆ ಕುದುರೆ ಸವಾರನ ಚಿತ್ರದ ಅಡಿಗಿರುವ ನೆಲದ ಗೆರೆಯಲ್ಲಿ ಇಂಗ್ಲಿಷಿನ ‘ಐ’ ಅಕ್ಷರ ಇದ್ದರೆ ಅದು ಬಾಂಬೆ ಟಂಕಸಾಲೆಯದು. ಅದೇ ವರ್ಷ ಅಲ್ಲೇ ಅಚ್ಚಾದ 15 ರೂಪಾಯಿಯ ಚಿನ್ನದ ನಾಣ್ಯವೂ ಸಂಗ್ರಾಹಕರು ಹುಡುಕುವಂಥದ್ದು. ಕೊಂಡಿಯ ಗುರುತಿಲ್ಲದೆ, ರಾಜನ ಮೀಸೆಯ ಎಳೆ ಸವೆಯದೆ ಉಳಿದಿದ್ದರೆ ಇವೆರಡಕ್ಕೆ ಗ್ರೇಡಿಂಗ್ ಮಾಡಿಸುವುದರಲ್ಲಿ ಅರ್ಥವಿದೆ. ಆದರೆ 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನು ಅಮೆರಿಕಕ್ಕೆ ಕಳಿಸುವಂತಿಲ್ಲ. ಕೊರಿಯರ್‌ನವರು ತೆಗೆದುಕೊಂಡರು ಎಂದಮಾತ್ರಕ್ಕೆ ಅದು ಕಾನೂನುಬದ್ಧ ಆಗುವುದಿಲ್ಲ. ದೇಶದೊಳಗೇ ಪರೀಕ್ಷೆ ಆಗುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಂಡೇ ನಾಣ್ಯ ಕೊಡಿ.

ಬ್ಯಾಂಕಿನಲ್ಲೋ ಅಂಗಡಿಯಲ್ಲೋ ಕೊಂಡ 24 ಕ್ಯಾರೆಟ್ ಹೊಸ ನಾಣ್ಯಕ್ಕೆ ಗ್ರೇಡಿಂಗ್ ಶುದ್ಧ ದಂಡ. ಹಾಲ್‌ಮಾರ್ಕ್ ಹೇಳುವುದು ಶುದ್ಧತೆಯನ್ನು. ಅದನ್ನು ಗ್ರೇಡಿಂಗ್ ಎಂದುಕೊಳ್ಳಬೇಡಿ.

ಮಾರುವುದು ಊರಿನ ಚಿನ್ನದಂಗಡಿಗಾದರೆ ಅವರು ಡಬ್ಬಿ ಒಡೆದು ತೂಗಿ ಆ ದಿನದ ರೇಟು ಕೊಡುತ್ತಾರೆ, ಅಷ್ಟೇ. ಡಬ್ಬಿ ಒಡೆದರೆ ಅಂಕವೂ ಹೋಯಿತು. ಅಂಕಕ್ಕೆ ಕಾಸು ಕೊಡುವವರು ಹೆಚ್ಚಾಗಿ ನಾಣ್ಯ ಹರಾಜಿನಲ್ಲಿ, ಸಂಗ್ರಾಹಕರ ನಡುವೆ ಸಿಗುತ್ತಾರೆ. ಡಬ್ಬಿಯಲ್ಲಿರುವುದನ್ನೇ ಕೊಳ್ಳುವುದಾದರೆ ನಂಬರನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಫೋಟೊ ಇದ್ದರೆ ನಾಣ್ಯದ ಮೇಲಿನ ಗೀರಿಗೆ ಗೀರು ತಾಳೆ ನೋಡಿ. ಅಸಲಿ ನಂಬರ್ ಹಾಕಿದ ನಕಲಿ ಡಬ್ಬಿಗಳೂ ಮಾರುಕಟ್ಟೆಯಲ್ಲಿವೆ.